ಡೆವನ್‌ನ ಲಫ್‌ವುಡ್: ಗುಡ್ಡ ಕಡಿದು ಕಟ್ಟಿದ ಹುಲ್ಲುಮಾಡಿನ ಬ್ಯಾಪ್ಟಿಸ್ಟ್ ಸಭಾಮನೆ

ಕಲ್ಲುಕಟ್ಟೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ಈಗ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಇದ್ದೇನೆ. ರಜೆ ಸಿಕ್ಕಾಗೆಲ್ಲ ಹಳೇ ಕಟ್ಟಡ ನೋಡಲು ಹೋಗುವುದು ನನ್ನ ಅಭ್ಯಾಸ. ಕಳೆದ ಶನಿವಾರ ನೋಡಿದ ಒಂದು ಜಾಗದ ಬಗ್ಗೆ ಬರೆಯಲೇಬೇಕು ಅನಿಸಿತು.

ಹೆಸರು ಲಫ್‌ವುಡ್ ಮೀಟಿಂಗ್ ಹೌಸ್. ಡೆವನ್ ಜಿಲ್ಲೆಯ ಡಾಲ್‌ವುಡ್ ಎಂಬ ಹಳ್ಳಿಯಿಂದ ದಕ್ಷಿಣಕ್ಕೆ ಒಂದು ಮೈಲಿ. ಆಕ್ಸ್‌ಮಿನ್‌ಸ್ಟರ್ ಕಡೆಯಿಂದ ಬಂದರೆ ದೊಡ್ಡ ರಸ್ತೆ ಬಿಟ್ಟು ಸಣ್ಣ ದಾರಿ ಹಿಡಿಯಬೇಕು. ಎದುರಿಗೆ ಇನ್ನೊಂದು ಕಾರು ಬಂದರೆ ಯಾರಾದರೂ ಒಬ್ಬರು ಹಿಂದಕ್ಕೆ ಹೋಗಲೇಬೇಕು, ಅಷ್ಟು ಕಿರಿದು. ಗೇಟಿನ ಹತ್ತಿರ ನಿಂತಾಗ ಮೊದಲು ಕಂಡಿದ್ದು ದಪ್ಪನೆಯ ಹುಲ್ಲಿನ ಮಾಡು. ಅದರ ಕೆಳಗೆ ಕಾಡುಕಲ್ಲಿನ ಗೋಡೆ, ಗೋಡೆಗೆ ಆನಿಕೆ. ಗುಡ್ಡದ ಇಳಿಜಾರನ್ನು ಕಡಿದು ಅದರೊಳಗೆ ಮನೆಯನ್ನು ಕೂರಿಸಿದ್ದಾರೆ. ಶಿಖರ ಇಲ್ಲ, ಗಂಟೆ ಗೋಪುರ ಇಲ್ಲ. ಸುತ್ತ ಇರುವ ಸಮಾಧಿ ಕಲ್ಲುಗಳನ್ನು ನೋಡದಿದ್ದರೆ ರೈತರ ಮನೆ ಅಂತಲೇ ತಿಳಿಯಬೇಕು.

ಇದು ಕ್ರೈಸ್ತರಲ್ಲಿ ಬ್ಯಾಪ್ಟಿಸ್ಟ್ ಎಂಬ ಪಂಗಡದವರ ಪ್ರಾರ್ಥನೆಯ ಮನೆ. ಪಕ್ಕದ ಕಿಲ್ಮಿಂಗ್ಟನ್ ಹಳ್ಳಿಯ ಜನ 1653ರಲ್ಲಿ ಅಡಗಿಕೊಂಡು ಪ್ರಾರ್ಥಿಸಲು ಕಾಡಿನ ಮಧ್ಯೆ ಇದನ್ನು ಕಟ್ಟಿದರು. ಸಿಕ್ಕಿಬಿದ್ದರೆ ಸೆರೆಮನೆ, ಇಲ್ಲವೇ ಗಡೀಪಾರು. 1969ರಿಂದ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ.

ಒಳಗೆ ಹೋದಾಗ ನಿಜಕ್ಕೂ ಮಾತು ಹೊರಡಲಿಲ್ಲ. ಬಿಳಿ ಸುಣ್ಣದ ಗೋಡೆ. ಮೇಲೆ ಕಮಾನಿನಂತೆ ಬಾಗಿದ ಗಾರೆಯ ಮುಚ್ಚಿಗೆ. ಬಣ್ಣ ಕಾಣದ ಮರದ ಬೆಂಚುಗಳು. ಇವನ್ನು ಬರೀ ಬೆಂಚು ಅನ್ನಲಾಗದು. ಸುತ್ತ ಹಲಗೆ ಹೊಡೆದು, ಒಂದು ಪುಟ್ಟ ಬಾಗಿಲನ್ನೂ ಇಟ್ಟ ಪೆಟ್ಟಿಗೆಗಳು. ಒಂದೊಂದರಲ್ಲಿ ಒಂದು ಮನೆಯವರು ಕೂರಬಹುದು. ಎದುರಿಗೆ ಎತ್ತರದ ಪ್ರಸಂಗಪೀಠ. ಹಿಂದೆ ಹಾಡುವವರ, ವಾದ್ಯ ನುಡಿಸುವವರ ಅಟ್ಟ. ಅಟ್ಟದ ಕೆಳಗೆ ಎರಡು ಸಣ್ಣ ಕೋಣೆ. ಕಿಟಕಿಗೆ ಸಾದಾ ಗಾಜು. ಒಂದು ಚಿತ್ರವಿಲ್ಲ, ಒಂದು ವಿಗ್ರಹವಿಲ್ಲ.

ಇನ್ನೊಂದು ವಿಶೇಷವಿದೆ. ಪ್ರಸಂಗಪೀಠದ ಮುಂದಿನ ನೆಲದ ಹಲಗೆ ಎತ್ತಿದರೆ ಕೆಳಗೆ ತೊಟ್ಟಿ! ದೀಕ್ಷಾಸ್ನಾನಕ್ಕೆ.

ಇಂಥ ಸಣ್ಣ ಚಾಪೆಲ್‌ಗಳನ್ನು ಬೇರೆ ಯಾರಾದರೂ ನೋಡಿದ್ದೀರಾ? ತಿಳಿದವರು ಹೇಳಿ.

ಮಂಗಳೂರು ಹೆಂಚು

ತುಂಬ ಚೆನ್ನಾಗಿ ಬರೆದಿದ್ದೀರಿ ಸರ್. ಮುಳಿಹುಲ್ಲಿನ ಮಾಡಿನ ಕೆಳಗೆ ಬೆಳೆದವಳು ನಾನು, ಓದುತ್ತಿದ್ದಂತೆ ಅಜ್ಜಿ ಮನೆ ಕಣ್ಣ ಮುಂದೆ ಬಂತು.

ಆ ತೊಟ್ಟಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಬ್ಯಾಪ್ಟಿಸ್ಟ್ ಅಂದರೆ ಬಾಸೆಲ್ ಮಿಷನ್ನಿನವರೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ಎರಡೂ ಬೇರೆ. ನಮ್ಮ ಸಭೆ ಬಾಸೆಲ್ ಮಿಷನ್ನಿನದು, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ). ನಮ್ಮಲ್ಲಿ ಕೈಗೂಸಿಗೂ ದೀಕ್ಷಾಸ್ನಾನ ಕೊಡುತ್ತಾರೆ. ಪಾದ್ರಿಗಳು ಮಗುವಿನ ತಲೆಗೆ ನೀರು ಹಾಕುತ್ತಾರೆ. ಅದಕ್ಕೆ ಒಂದು ಬಟ್ಟಲು ಸಾಕು.

ಬ್ಯಾಪ್ಟಿಸ್ಟರು ಹಾಗಲ್ಲ. ನಂಬಿಕೆ ಅನ್ನುವುದು ತಿಳಿವಳಿಕೆ ಬಂದ ಮೇಲೆ ಅವರವರೇ ಬಾಯಿಬಿಟ್ಟು ಹೇಳಬೇಕಾದದ್ದು, ಕೂಸಿನ ಪರವಾಗಿ ಅಪ್ಪ ಅಮ್ಮ ಹೇಳಲಾಗದು ಅನ್ನುವುದು ಅವರ ಮಾತು. ದೀಕ್ಷೆ ಕೊಡುವಾಗ ಇಡೀ ಮೈಯನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಾರೆ. ಹಳೇ ಜೀವ ಹೂತು ಹೊಸ ಜೀವ ಎದ್ದ ಹಾಗೆ. ಅದಕ್ಕೆ ಆಳು ಮುಳುಗುವ ತೊಟ್ಟಿ ಬೇಕು, ಇಲ್ಲವೇ ಹೊಳೆ ಬೇಕು. ನೀವು ಹೇಳಿದ ಸಣ್ಣ ಕೋಣೆಗಳಿಂದಲೂ ಬಹಳ ಉಪಯೋಗ. ಒದ್ದೆ ಬಟ್ಟೆ ಬದಲಿಸಬೇಕಲ್ವಾ? ದೂರದಿಂದ ನಡೆದು ಬಂದವರು ಬೆಳಗಿನ ಸೇವೆ ಮುಗಿಸಿ ಮಧ್ಯಾಹ್ನದ ಸೇವೆ ತನಕ ಕೂರಲು ಜಾಗವೂ ಬೇಕು.

ಇತಿಹಾಸದ ಮೇಷ್ಟ್ರು

ಕಲ್ಲುಕಟ್ಟೆಯವರೇ, ನಿಮ್ಮ ಬರಹ ಓದಿ ಬಹಳ ಸಂತೋಷವಾಯಿತು. ಆದರೆ ಒಂದು ಸಾಲು ನನ್ನನ್ನು ತಡೆಯಿತು. 1653ರಲ್ಲಿ ಅಡಗಿಕೊಳ್ಳಲು ಕಟ್ಟಿದರು ಎಂದಿದ್ದೀರಿ. ಆ ವರ್ಷ ಇಂಗ್ಲೆಂಡಿನಲ್ಲಿ ಏನಾಗುತ್ತಿತ್ತು ನೋಡೋಣ.

1649ರಲ್ಲಿ ಮೊದಲನೇ ಚಾರ್ಲ್ಸ್ ದೊರೆಯ ತಲೆ ಕಡಿದಿದ್ದರು. 1653ರಲ್ಲಿ ದೇಶಕ್ಕೆ ರಾಜನೇ ಇರಲಿಲ್ಲ. ಆ ಡಿಸೆಂಬರಿನಲ್ಲಿ ಸೇನಾನಿ ಕ್ರಾಮ್‌ವೆಲ್ ಲಾರ್ಡ್ ಪ್ರೊಟೆಕ್ಟರ್ ಎಂಬ ಹೆಸರಿನಲ್ಲಿ ದೇಶದ ಮುಖ್ಯಸ್ಥನಾದ. ಅವನ ಸೈನ್ಯದಲ್ಲಿ ಬ್ಯಾಪ್ಟಿಸ್ಟರು ಬೇಕಾದಷ್ಟು ಇದ್ದರು. ಪಂಗಡ ಬೆಳೆದದ್ದೇ ಆ ವರ್ಷಗಳಲ್ಲಿ. ಊರಿನವರ ಸಿಟ್ಟು, ಪಾದ್ರಿಗಳ ಕಿರುಕುಳ ಇದ್ದಿರಬಹುದು. ಆದರೆ ಪ್ರಾರ್ಥನೆಗೆ ಸೇರಿದ್ದಕ್ಕೆ ಗಡೀಪಾರು ಮಾಡುವ ಕಾನೂನು ಆಗ ಇರಲಿಲ್ಲ.

ಕಷ್ಟ ಶುರುವಾದದ್ದು 1660ರಲ್ಲಿ ಎರಡನೇ ಚಾರ್ಲ್ಸ್ ವಾಪಸು ಬಂದ ಮೇಲೆ. 1662ರ ಕಾನೂನು ಎಲ್ಲ ಚರ್ಚುಗಳಲ್ಲೂ ಒಂದೇ ಪ್ರಾರ್ಥನಾ ಪುಸ್ತಕ ಇರಬೇಕು ಎಂದಿತು. 1664ರ ಕನ್ವೆಂಟಿಕಲ್ ಕಾನೂನು ಇನ್ನೂ ಕಠಿಣ. ಮನೆಯವರನ್ನು ಬಿಟ್ಟು ಐದಕ್ಕಿಂತ ಜಾಸ್ತಿ ಜನ ಬೇರೆ ರೀತಿಯ ಪ್ರಾರ್ಥನೆಗೆ ಸೇರುವಂತಿಲ್ಲ. 16 ವರ್ಷ ತುಂಬಿದ ಎಲ್ಲರಿಗೂ ಇದು ಅನ್ವಯ. ಮೊದಲ ಸಲ ಸಿಕ್ಕರೆ 5 ಪೌಂಡ್ ದಂಡ ಇಲ್ಲವೇ ಮೂರು ತಿಂಗಳ ಸೆರೆ. ಎರಡನೇ ಸಲ 10 ಪೌಂಡ್ ಇಲ್ಲವೇ ಆರು ತಿಂಗಳು. ಮೂರನೇ ಸಲ 100 ಪೌಂಡ್, ಕೊಡಲಾಗದಿದ್ದರೆ ಏಳು ವರ್ಷ ಸಮುದ್ರದಾಚೆ ಗಡೀಪಾರು. ಕೂಲಿ ಮಾಡುವವನು 100 ಪೌಂಡನ್ನು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

1670ರಲ್ಲಿ ಇದನ್ನು ತಿದ್ದಿದರು. ಕೇಳಲು ಬಂದವರಿಗೆ ದಂಡ 5 ಶಿಲಿಂಗ್‌ಗೆ ಇಳಿಯಿತು. ಆದರೆ ಬೋಧಿಸಿದವನಿಗೆ 20 ಪೌಂಡ್, ಜಾಗ ಕೊಟ್ಟವನಿಗೂ 20 ಪೌಂಡ್. ಸುಳಿವು ಕೊಟ್ಟವನಿಗೆ ದಂಡದ ಮೂರನೇ ಒಂದು ಪಾಲು ಇನಾಮು. ಇದೇ ದೊಡ್ಡ ಅನ್ಯಾಯ. ಪಕ್ಕದ ಮನೆಯವನೇ ಹಣದ ಆಸೆಗೆ ಹಿಡಿದುಕೊಡಬಹುದು.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ. 1653 ಅನ್ನುವುದು ಈ ಗೋಡೆಗಳ ವರ್ಷವೋ, ಅಲ್ಲಿ ಸೇರಿದ ಜನರ ವರ್ಷವೋ? ಸಭೆ ಹುಟ್ಟಿದ ವರ್ಷವನ್ನೇ ಕಟ್ಟಡದ ಮೇಲೆ ಬರೆಯುವುದು ಎಲ್ಲ ಕಡೆ ನಡೆಯುತ್ತದೆ. ನಮ್ಮ ಊರುಗಳ ಮಠ, ದೇವಸ್ಥಾನಗಳಲ್ಲೂ ಅಷ್ಟೇ.

ಕಲ್ಲುಕಟ್ಟೆ

ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಟ್ರಸ್ಟ್‌ನವರು ಕೂಡ ಸುಮಾರು 1653 ಎನ್ನುತ್ತಾರೆ, ಖಚಿತ ವರ್ಷ ಎನ್ನುವುದಿಲ್ಲ. ಒಳಗಿನ ಮರಗೆಲಸವಂತೂ 18ನೇ ಶತಮಾನದ ಮೊದಲ ಭಾಗದ್ದು. ಆಮೇಲೆ ಅದನ್ನು ಬದಲಿಸಿಯೇ ಇಲ್ಲ. ಹಾಗಾದರೆ ಕಾಡಿನ ಮಧ್ಯೆ, ಗುಡ್ಡದ ಒಳಗೆ ಯಾಕೆ ಕಟ್ಟಿದರು?

ಗಡಿಯೂರು

ನಾನು ಬೆಳಗಾವಿ ಜಿಲ್ಲೆಯವನು. ನಕ್ಷೆ ನೋಡಿದ ಕೂಡಲೇ ನನಗೆ ಕಂಡಿದ್ದು ಗಡಿ. ಡಾಲ್‌ವುಡ್ ಈಗ ಡೆವನ್‌ನಲ್ಲಿದೆ. ಆದರೆ 1840ರ ದಶಕದ ತನಕ ಅದು ಡಾರ್ಸೆಟ್ ಜಿಲ್ಲೆಗೆ ಸೇರಿತ್ತು. ಸುತ್ತಲೂ ಡೆವನ್, ನಡುವೆ ಡಾರ್ಸೆಟ್ಟಿನ ಒಂದು ತುಂಡು. ಕಿಲ್ಮಿಂಗ್ಟನ್ ಮಾತ್ರ ಡೆವನ್‌ನಲ್ಲೇ ಇತ್ತು.

ಆ ಕಾಲದಲ್ಲಿ ದಂಡ ಹಾಕುವವರು ಜಿಲ್ಲೆಯ ನ್ಯಾಯಾಧಿಕಾರಿಗಳು. ಅವರ ಅಧಿಕಾರ ಅವರ ಜಿಲ್ಲೆಗೆ ಮಾತ್ರ. ಡೆವನ್‌ನ ಅಧಿಕಾರಿ ಬಂದರೆ ನಾಲ್ಕು ಹೆಜ್ಜೆ ಆಚೆ ಹೋದರೆ ಆಯಿತು. ಡಾರ್ಸೆಟ್ಟಿನ ಅಧಿಕಾರಿ ಬರಬೇಕಾದರೆ ಬೇರೆ ಜಿಲ್ಲೆ ದಾಟಿಕೊಂಡೇ ಬರಬೇಕು. ಒಂದು ತುಂಡು ನೆಲಕ್ಕೋಸ್ಕರ ಅಷ್ಟು ದೂರ ಯಾರು ಬರುತ್ತಾರೆ? ಗಡಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದೇ ಬೇಡ. ಈ ಕಡೆಯವರು ಆ ಕಡೆ ತೋರಿಸುತ್ತಾರೆ, ಆ ಕಡೆಯವರು ಈ ಕಡೆ.

ಗಾರೆ ಕೆಲಸ

ಹಳೇ ಕಟ್ಟಡ ದುರಸ್ತಿ ನನ್ನ ವೃತ್ತಿ. ಎರಡು ಮಾತು ಸೇರಿಸುತ್ತೇನೆ.

ಗುಡ್ಡ ಕಡಿದು ಕೂರಿಸಿದ್ದಕ್ಕೆ ಅಡಗುವುದೊಂದೇ ಕಾರಣ ಆಗಬೇಕಿಲ್ಲ. ಇಳಿಜಾರಿನಲ್ಲಿ ಬಡವರು ಕಟ್ಟುವುದೇ ಹಾಗೆ. ಹಿಂದಿನ ಗುಡ್ಡ ಗಾಳಿ ತಡೆಯುತ್ತದೆ, ಕಡಿದಾಗ ಬಂದ ಕಲ್ಲು ಗೋಡೆಗೆ ಬರುತ್ತದೆ. ಮಲೆನಾಡಿನ ಮನೆಗಳ ಹಿಂದಿನ ಧರೆ ನೆನಪಿಸಿಕೊಳ್ಳಿ. ಕಷ್ಟ ಏನೆಂದರೆ ನೀರು. ಧರೆಯ ನೀರೆಲ್ಲ ಗೋಡೆಯ ಬುಡಕ್ಕೇ ಬರುತ್ತದೆ. ಕಾಡುಕಲ್ಲಿನ ಗೋಡೆಗೆ ಸುಣ್ಣದ ಗಾರೆ ಇದ್ದರೆ ಹೀರಿದ ತೇವವನ್ನು ಅದು ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಇದನ್ನು ನಾನು ಕಲಿತದ್ದು ನಮ್ಮ ಸ್ವಂತ ಹಳೇ ಮನೆಯಲ್ಲಿ. ಚೆನ್ನಾಗಿರಲಿ ಅಂತ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಿದೆವು. ಮೂರನೇ ಮಳೆಗಾಲಕ್ಕೆ ಗೋಡೆ ಉಬ್ಬಿ ಪದರ ಪದರವಾಗಿ ಬಿತ್ತು. ಅಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಲಫ್‌ವುಡ್‌ನ ಫೋಟೋಗಳಲ್ಲಿ ಆ ಬಿಳಿ ಸುಣ್ಣ ನೋಡಿ ನೆಮ್ಮದಿಯಾಯಿತು.

ಮಾಡಿನ ಬಗ್ಗೆ. ಡೆವನ್‌ನಲ್ಲಿ ಹೊದಿಸುವುದು ಹೆಚ್ಚಾಗಿ ಗೋಧಿ ಹುಲ್ಲು. ತೆನೆ ಬಡಿದು, ಬಾಚಿ, ಬುಡ ಎಲ್ಲ ಒಂದೇ ಕಡೆ ಬರುವಂತೆ ಕಟ್ಟಿ ಹೊದಿಸುತ್ತಾರೆ. ಮಾಡು ಕಡಿದಾಗಿ ಇರಲೇಬೇಕು, ಇಲ್ಲದಿದ್ದರೆ ನೀರು ನಿಂತು ಕೊಳೆಯುತ್ತದೆ. ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿರುತ್ತದೆ, ನೀರು ದೂರ ಬೀಳಲಿ ಅಂತ. ಅದಕ್ಕೆ ನೀರು ಹರಿಸುವ ದೋಣಿ ಹಾಕುವುದಿಲ್ಲ. ಒಳ್ಳೆಯ ಕೈ ಹೊದಿಸಿದರೆ 25–30 ವರ್ಷ ಬರುತ್ತದೆ. ನೆತ್ತಿಯನ್ನು ಮಾತ್ರ 10–15 ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ನಮ್ಮ ಸೋಗೆಯನ್ನು ವರ್ಷ ವರ್ಷ ಹೊದಿಸಬೇಕಿತ್ತು. ಅವರಿಗೆ ಆ ಕಷ್ಟ ಇಲ್ಲ.

ಹುಲ್ಲು ಹಗುರ. ಹಗುರದ ಮಾಡಿಗೆ ದಪ್ಪ ತೊಲೆ ಬೇಡ. ಹಣ ಕಡಿಮೆ ಇದ್ದ ಸಭೆಗೆ ಇದೂ ಒಂದು ಕಾರಣ ಇರಬೇಕು.

ಮಂಗಳೂರು ಹೆಂಚು

ಅಟ್ಟದ ಬಗ್ಗೆ ಒಂದು ಅನುಮಾನ. ಅಡಗಿಕೊಂಡು ಪ್ರಾರ್ಥಿಸುವವರು ವಾದ್ಯ ನುಡಿಸಿ ಹಾಡುತ್ತಾರಾ? ಗುಡ್ಡದಾಚೆಗೂ ಕೇಳಿಸುತ್ತದೆ.

ಇತಿಹಾಸದ ಮೇಷ್ಟ್ರು

ಬಹಳ ಒಳ್ಳೆಯ ಪ್ರಶ್ನೆ ತಂಗಿ. ಉತ್ತರ ಅಲ್ಲೇ ಇದೆ. ಅಟ್ಟ ಭಯದ ಕಾಲದ್ದಲ್ಲ.

ಮೊದಮೊದಲಿನ ಬ್ಯಾಪ್ಟಿಸ್ಟರಲ್ಲಿ ಎಷ್ಟೋ ಸಭೆಗಳು ಹಾಡುತ್ತಲೇ ಇರಲಿಲ್ಲ. ಮನುಷ್ಯ ಬರೆದ ಹಾಡನ್ನು ದೇವರ ಮುಂದೆ ಎಲ್ಲರೂ ಸೇರಿ ಹಾಡುವುದು ಸರಿಯೇ ಎಂದು ಅವರಲ್ಲೇ ದೊಡ್ಡ ಜಗಳ. ಲಂಡನ್ನಿನ ತನ್ನ ಸಭೆಯಲ್ಲಿ 1670ರ ದಶಕದಲ್ಲಿ ಪ್ರಭುಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯ) ನಂತರ ಒಂದು ಕೀರ್ತನೆ ಹಾಡಿಸುವ ಪದ್ಧತಿ ತಂದವನು ಬೆಂಜಮಿನ್ ಕೀಚ್. 1690ರ ದಶಕದಲ್ಲೂ ಈ ವಾದ ತಣ್ಣಗಾಗಿರಲಿಲ್ಲ.

ಈ ಕೀಚ್ ನನಗೆ ಬಹಳ ಇಷ್ಟದವನು. ಮಕ್ಕಳಿಗೆ ಓದು ಕಲಿಸುವ ಒಂದು ಸಣ್ಣ ಪುಸ್ತಕದಲ್ಲಿ ಕೂಸುಗಳ ದೀಕ್ಷಾಸ್ನಾನ ತಪ್ಪು ಎಂದು ಬರೆದ. ಅದಕ್ಕೆ 1664ರಲ್ಲಿ ಅವನನ್ನು ಹಿಡಿದು, ಕತ್ತು ಕೈ ಮರದ ಚೌಕಟ್ಟಿಗೆ ಸಿಕ್ಕಿಸಿ ಸಂತೆಯಲ್ಲಿ ನಿಲ್ಲಿಸಿದರು. ಮೊದಲು ಐಲ್ಸ್‌ಬರಿಯಲ್ಲಿ, ಆಮೇಲೆ ಅವನು ಬೋಧಿಸುತ್ತಿದ್ದ ವಿನ್ಸ್‌ಲೋದಲ್ಲಿ. ಅವನ ಕಣ್ಣ ಮುಂದೆಯೇ ಪುಸ್ತಕ ಸುಟ್ಟರು. ವಿನ್ಸ್‌ಲೋದಲ್ಲಿ ಅವನ ಹೆಸರಿನ ಸಣ್ಣ ಇಟ್ಟಿಗೆಯ ಸಭಾಮನೆ ಇವತ್ತಿಗೂ ಇದೆ, 1695ರದು. ಅದೂ ಬೀದಿಗೆ ಕಾಣದಂತೆ ಒಳಗೆ ಸರಿದು ಕೂತಿದೆ.

1695 ಅನ್ನುವ ವರ್ಷ ಗಮನಿಸಿ. 1689ರ ಸಹಿಷ್ಣುತೆಯ ಕಾನೂನು ಬಂದು ಆರು ವರ್ಷ ಆಗಿತ್ತು. ಆ ಕಾನೂನಿನ ನಂತರ ಬ್ಯಾಪ್ಟಿಸ್ಟರು, ಇತರ ಬೇರೆ ಪಂಗಡದವರು ತಮ್ಮ ಜಾಗವನ್ನು ಬರೆಸಿ, ಬಹಿರಂಗವಾಗಿ ಸೇರಬಹುದಿತ್ತು. ಆದರೆ ಒಂದು ಷರತ್ತು. ಪ್ರಾರ್ಥನೆ ನಡೆಯುವಾಗ ಬಾಗಿಲಿಗೆ ಬೀಗ ಅಗುಳಿ ಹಾಕುವಂತಿಲ್ಲ! ಒಳಗೆ ಏನು ಮಾತಾಡುತ್ತಾರೆ ಎಂದು ಸರ್ಕಾರಕ್ಕೆ ಇನ್ನೂ ಅನುಮಾನ. 25 ವರ್ಷ ಬಾಗಿಲು ಹಾಕಿಕೊಂಡು ಉಸಿರು ಹಿಡಿದು ಕೂತವರು, ಆಮೇಲೆ ಬಾಗಿಲು ತೆರೆದೇ ಕೂರಬೇಕಾಯಿತು. ಲಫ್‌ವುಡ್‌ನ ಅಟ್ಟ, ಪೆಟ್ಟಿಗೆ ಬೆಂಚು ಎಲ್ಲ ಬಂದದ್ದು ಈ ತೆರೆದ ಬಾಗಿಲಿನ ಕಾಲದಲ್ಲಿ.

ನಡುವೆ 1685 ಅನ್ನೂ ಮರೆಯಬಾರದು. ಆ ಜೂನ್ 11ರಂದು ಮನ್ಮತ್‌ನ ಡ್ಯೂಕ್ ಆಗಿದ್ದವನು ಎರಡನೇ ಜೇಮ್ಸ್ ದೊರೆಯ ವಿರುದ್ಧ ದಂಗೆಗೆ ಬಂದಿಳಿದದ್ದು ಲೈಮ್ ರೀಜಿಸ್‌ನಲ್ಲಿ. ಲಫ್‌ವುಡ್‌ನಿಂದ ಹೆಚ್ಚು ದೂರವಿಲ್ಲ. ಆ ಸೀಮೆಯ ಬೇರೆ ಪಂಗಡದ ನೇಕಾರರು, ರೈತರು ಗುಂಪು ಗುಂಪಾಗಿ ಅವನ ಜೊತೆ ಹೋದರು. ಜುಲೈ 6ಕ್ಕೆ ಸೆಜ್‌ಮೂರ್‌ನಲ್ಲಿ ಸೋತರು. ಜೆಫ್ರೀಸ್ ಎಂಬ ನ್ಯಾಯಾಧೀಶ ನೂರಾರು ಜನರನ್ನು ನೇಣಿಗೆ ಹಾಕಿಸಿದ, ಇನ್ನೂ ನೂರಾರು ಜನರನ್ನು ವೆಸ್ಟ್ ಇಂಡೀಸ್‌ಗೆ ಸಾಗಿಸಿದರು. ಆ ಹಳ್ಳಿಗಳ ಹೆಂಗಸರು, ಮಕ್ಕಳು ಅದರ ಮುಂದಿನ ಭಾನುವಾರ ಹೇಗೆ ಕೂತಿದ್ದರೋ ಎಂದು ನೆನೆದರೆ ಸಂಕಟವಾಗುತ್ತದೆ.

ಅಕ್ಷರಪ್ರೇಮಿ

ಇಷ್ಟೆಲ್ಲ ಓದಿ ಸುಮ್ನೆ ಹೋಗಲು ಮನಸ್ಸಾಗಲಿಲ್ಲ. ಕನ್ನಡಕ್ಕೂ ಬ್ಯಾಪ್ಟಿಸ್ಟರಿಗೂ ಒಂದು ನಂಟಿದೆ. ಅದು ಲಫ್‌ವುಡ್ ಮೂಲಕ ಅಲ್ಲ, ಅಂಥದೇ ಇನ್ನೊಂದು ಬಡ ಸಭೆಯ ಮೂಲಕ.

ನಾರ್ಥಾಂಪ್ಟನ್ ಪಕ್ಕದ ಮೌಲ್ಟನ್ ಎಂಬ ಹಳ್ಳಿಯ ಸಣ್ಣ ಚಾಪೆಲ್‌ನಲ್ಲಿ ವಿಲಿಯಂ ಕೇರಿ ಪಾಸ್ಟರ್ ಆಗಿದ್ದ. ಜೋಡು ಹೊಲಿಯುವ ಕಸುಬಿನವನು. ಸಭೆ ಕೊಡುವುದು ಹೊಟ್ಟೆಗೆ ಸಾಲದೆ ಹೊಲಿಗೆ ಬಿಟ್ಟಿರಲಿಲ್ಲ. 1783ರ ಅಕ್ಟೋಬರ್ 5ರ ಬೆಳಗ್ಗೆ ನೆನ್ ಎಂಬ ಹೊಳೆಯಲ್ಲಿ ಅವನಿಗೆ ದೀಕ್ಷಾಸ್ನಾನ ಆಯಿತು. ಅಂದರೆ ತೊಟ್ಟಿಗಳು ಬಂದ ಮೇಲೂ ಹೊಳೆಯ ಪದ್ಧತಿ ಹೋಗಿರಲಿಲ್ಲ.

ಅದೇ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ. 1800ರಿಂದ ಸೆರಾಂಪುರದಲ್ಲಿ ನೆಲೆಸಿದ. ಅಲ್ಲಿನ ಮುದ್ರಣಾಲಯದಲ್ಲಿ 1817ರಲ್ಲಿ ಅವನ ಕನ್ನಡ ವ್ಯಾಕರಣ ಅಚ್ಚಾಯಿತು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದಕ್ಕಿಂತ 77 ವರ್ಷ ಹಿಂದೆ, ಹೂಗ್ಲಿ ನದಿಯ ದಡದಲ್ಲಿ! ಅದಕ್ಕೂ ಮೊದಲು 1812ರ ಮಾರ್ಚ್ 11ರಂದು ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಅಚ್ಚುಮೊಳೆ, ಕಾಗದ, ಹಸ್ತಪ್ರತಿ ಸುಟ್ಟುಹೋದವು. ಅದರಲ್ಲಿ ಹೊಸ ಒಡಂಬಡಿಕೆಯ ಕನ್ನಡ ಹಸ್ತಪ್ರತಿಯೂ ಇತ್ತು. ಮತ್ತೆ ಕೂತು ಬರೆದರು. ಕನ್ನಡದವನಾಗಿ ನನಗೆ ಇದು ಸಣ್ಣ ಸಂಗತಿ ಅಲ್ಲ.

ಕೋಲ್ಕತ್ತದಲ್ಲಿ ಅವರ ಚಾಪೆಲ್ 1809ರಲ್ಲಿ ತೆರೆಯಿತು. ಈಗಲೂ ಕೇರಿ ಬ್ಯಾಪ್ಟಿಸ್ಟ್ ಚರ್ಚು ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆ ಕಡೆ ಹೋಗುವವರು ನೋಡಿ ಬನ್ನಿ.

ಹಾಸನದ ಹುಡುಗಿ

ನಾನು ಬ್ರಿಸ್ಟಲ್‌ನಲ್ಲಿ ಓದುತ್ತಿದ್ದೇನೆ. ಟ್ಯೂಕ್ಸ್‌ಬರಿಯ ಹಳೇ ಬ್ಯಾಪ್ಟಿಸ್ಟ್ ಚಾಪೆಲ್ ನೋಡಿದ್ದೇನೆ. ಅದು ಚಾಪೆಲ್ ಅಂತ ಕಟ್ಟಿದ್ದೇ ಅಲ್ಲ. 15ನೇ ಶತಮಾನದ ಮರದ ಚೌಕಟ್ಟಿನ ವಾಸದ ಮನೆ, 17ನೇ ಶತಮಾನದಲ್ಲಿ ಅದನ್ನೇ ಪ್ರಾರ್ಥನೆಗೆ ಮಾಡಿಕೊಂಡರು. ಬೀದಿಯಿಂದ ಒಂದು ಸಂದಿಯೊಳಗೆ ಹೋಗಬೇಕು. ಅಲ್ಲೂ ನೆಲದಲ್ಲಿ ತೊಟ್ಟಿ. ಮೇಷ್ಟ್ರು ಹೇಳಿದ ಮಾತು ಅಲ್ಲಿಗೂ ಅನ್ವಯಿಸುತ್ತದೆ. ಕಟ್ಟಡದ ವಯಸ್ಸು ಒಂದು, ಸಭೆಯ ವಯಸ್ಸು ಇನ್ನೊಂದು.

ಕಲ್ಲುಕಟ್ಟೆ ಅಣ್ಣ, ಡಿಸೆಂಬರ್ ರಜೆಯಲ್ಲಿ ಲಫ್‌ವುಡ್‌ಗೆ ಬರಬಹುದಾ? ಕಾರಿಲ್ಲ.

ಕಲ್ಲುಕಟ್ಟೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟು ಜನ ಇಷ್ಟು ಆಸಕ್ತಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ನನ್ನ ಮೊದಲ ಬರಹದಲ್ಲಿದ್ದ ತಪ್ಪು ಅಳಿಸುವುದಿಲ್ಲ, ಓದುವವರಿಗೆ ಚರ್ಚೆ ಅರ್ಥವಾಗಬೇಕು. ಅದರ ಬದಲಿಗೆ ಇದನ್ನು ಓದಿಕೊಳ್ಳಿ: ಸುಮಾರು 1653ರಿಂದ ಕಿಲ್ಮಿಂಗ್ಟನ್ ಜನರಿಗೆ ಇದು ಸೇರುವ ಜಾಗ. 1664ರ ಕಾನೂನು ಬಂದ ಮೇಲೆ ಆ ಗುಡ್ಡ, ಕಾಡು, ಜಿಲ್ಲೆಯ ಗಡಿ ಅವರ ನೆರವಿಗೆ ಬಂದವು. ಇವತ್ತು ಒಳಗೆ ಕಾಣುವ ಬೆಂಚು, ಪೀಠ, ಅಟ್ಟ 1689ರ ಆಮೇಲಿನವು.

ತಂಗಿ, ಡಿಸೆಂಬರ್‌ನಲ್ಲಿ ಖಂಡಿತ ಬಾ. ಆಕ್ಸ್‌ಮಿನ್‌ಸ್ಟರ್ ತನಕ ರೈಲಿದೆ, ಅಲ್ಲಿಂದ ನಾನು ಕರೆದುಕೊಂಡು ಹೋಗುತ್ತೇನೆ. ಬೆಳಗ್ಗೆಯೇ ಹೊರಡು, ನಾಲ್ಕು ಗಂಟೆ ದಾಟಿದರೆ ಕತ್ತಲು. ದಪ್ಪ ಕೋಟು ಹಾಕಿಕೊ, ಒಳಗೂ ಹೊರಗಿನಷ್ಟೇ ಚಳಿ. ನೆಲದ ಹಲಗೆ ಮಾತ್ರ ನಾವು ಎತ್ತುವ ಹಾಗಿಲ್ಲ. ಅದರ ಮೇಲೆ ನಡೆದಾಗ ಕೆಳಗೆ ಟೊಳ್ಳು ಇದೆಯಾ ಅಂತ ಕಿವಿಗೊಟ್ಟು ಕೇಳು. ನಾನು ಮೊದಲ ಸಲ ಅದರ ಮೇಲೇ ನಿಂತಿದ್ದೆ, ಗೊತ್ತೇ ಆಗಿರಲಿಲ್ಲ.